ಹಲ್ಲಿನಿಂದ ಕಚ್ಚಬೇಡ

ತೇಜು, ಹಲ್ಲಿನಿಂದ ಕಚ್ಚಬೇಡ ಅದನ್ನ.
ಅಲ್ಲೇ ಇಕ್ಕಳ ಇದೆ, ತಗೋ.
ತುಕ್ಕು ಹಿಡಿದಿದೆ, ಇರಲಿ; ತುಕ್ಕು ಪ್ರಾಮಾಣಿಕ,
ಕೈಗೆ ಕೆಂಪು ಮೆತ್ತಿ ನಾನಿದ್ದೇನೆ ಅನ್ನುತ್ತದೆ.
ಸೀಸ ಹಾಗಲ್ಲ.

ಬೀಸುಬಲೆಯ ಅಂಚಿಗೆ ಈ ಮಣಿ ಇಲ್ಲದಿದ್ದರೆ
ಬಲೆ ನೀರ ಮೇಲೆ ಹಳೆ ಸೀರೆಯಂತೆ ತೇಲುತ್ತದೆ,
ನೊಗಲಿ ಮೀನು ಅಡಿಯಿಂದ ನುಸುಳಿ ಹೋಗುತ್ತದೆ.
ಬೇಕು ಅದು. ಬೇಡ ಅಂದವರು ಯಾರು?

ನನ್ನಪ್ಪ ಪುರ್ಸ ಕೇಣಿಯ ಇದೇ ಜಗಲಿಯಲ್ಲಿ
ಒಂದು ಮಳೆಗಾಲಕ್ಕೆ ಮೂರು ಬಲೆ ಮುಗಿಸುತ್ತಿದ್ದ.
ಗಂಟಿಗೊಂದು ಮಣಿ, ಮಣಿಗೊಂದು ಕಚ್ಚು.
ಹಲ್ಲೇ ಅವನ ಇಕ್ಕಳ.
ಒಸಡಿನಂಚಿಗೆ ನೀಲಿ ಗೆರೆಯೊಂದಿತ್ತು,
ಕಡಲು ಮುಗಿಯುವಲ್ಲಿ ಕಾಣುತ್ತದಲ್ಲ, ಅಂಥದ್ದು.
ತಂಬಾಕು ಅಂದುಕೊಂಡೆವು.

ಅಂಗಡಿ ಮಣಿಗೆ ದುಡ್ಡಿಲ್ಲದ ವರ್ಷ
ಕಾರವಾರದ ಗುಜರಿಯಿಂದ ಹಳೆ ಬ್ಯಾಟರಿಯ ಸೀಸ ತಂದ.
ಮನೆಗೆ ಒಲೆ ಒಂದೇ.
ಪಾತ್ರೆ ಆಯಿಯದು, ಹಿಡಿಕೆ ಕಳಚಿದ ಸ್ಟೀಲು.
ಸೀಸ ಕರಗುವುದು ನೋಡಲು ಚೆಂದ, ಸುಳ್ಳು ಯಾಕೆ ಹೇಳಲಿ:
ಮೇಲೆ ಬೂದಿಬಣ್ಣದ ಕೆನೆ,
ಕೆನೆ ಸರಿಸಿದರೆ ಒಳಗೆ ಹುಣ್ಣಿಮೆ.
ಹಂಚಿನಿಂದ ಒಂದು ಹನಿ ಸೋರಿ ಬಿದ್ದರೂ ಸಿಡಿಯುತ್ತದೆಂದು
ಅಪ್ಪ ನಮ್ಮನ್ನು ಬಾಗಿಲಾಚೆ ಕೂರಿಸಿದ.
ಕಣ್ಣಿಗೆ ಕಾಣುವ ಭಯಗಳೆಲ್ಲ ಅವನಿಗೆ ಗೊತ್ತಿದ್ದವು.
ಹೊಗೆ ನಮ್ಮ ಜೊತೆಗೇ ಬಂದು ಕೂತಿತು.

ಆಯಿಗೆ ಅವಳದೇ ಭಯ:
ಹಿತ್ತಾಳೆಯಲ್ಲಿ ಹುಳಿ ಇಟ್ಟರೆ ಕಿಲುಬು,
ಕಲಾಯಿ ಹೋದ ಪಾತ್ರೆಯಲ್ಲಿ ಮಜ್ಜಿಗೆಯೂ ವಿಷ.
ಅಜ್ಜಿಯಿಂದ ಬಂದ ಮಾತು, ಸರಿಯಾದ ಮಾತು.
ಸ್ಟೀಲಿನ ಬಗ್ಗೆ ಅಜ್ಜಿ ಏನೂ ಹೇಳಿರಲಿಲ್ಲ.
ಬೂದಿ ಹಾಕಿ ಎರಡು ಸಲ ತಿಕ್ಕಿ
ಅದರಲ್ಲೇ ಮುರುಗಲ ಸಾರು ಕುದಿಸಿದಳು.

ಸಾರು ಒಂಚೂರು ಸಿಹಿಯಾಗಿತ್ತು.
ಬೆಲ್ಲ ಹಾಕಿದ್ಯಾ ಅಂದ ವಾಮನ, ನನ್ನ ತಮ್ಮ.
ಇಲ್ಲ ಅಂದಳು. ಇನ್ನೊಂದು ಬಟ್ಟಲು ಹಾಕಿಸಿಕೊಂಡ.
ಆ ಸಿಹಿ ನನ್ನ ನಾಲಗೆ ಆಮೇಲೆ ಸೇರಿಸಿದ್ದೂ ಇರಬಹುದು.
ಹುಳಿ ಸೀಸವನ್ನು ಬಿಡಿಸಿಕೊಳ್ಳುತ್ತದೆ,
ಬಿಡಿಸಿಕೊಂಡ ಸೀಸ ಸಿಹಿ,
ಇದು ನನಗೆ ತಿಳಿಯುವಾಗ ನಲವತ್ತು ದಾಟಿತ್ತು.
ಜಿಲ್ಲಾಸ್ಪತ್ರೆಯ ಬೆಂಚು, ನನ್ನದಲ್ಲದ ಮಗು,
ಡಾಕ್ಟರಮ್ಮ ಅದರ ತಾಯಿಗೆ ಹೇಳುತ್ತಿದ್ದಳು.
ನನ್ನ ಚೀಟಿಯ ನಂಬರು ಕೂಗಿದ್ದು ಕೇಳಲೇ ಇಲ್ಲ.

ವಾಮನನ ಹೊಟ್ಟೆನೋವಿಗೆ ಉಪ್ಪು ಮೆಣಸು ನಿವಾಳಿಸಿದ್ದೆವು.
ಮಗ್ಗಿ ಅವನಿಗೆ ಏಳಕ್ಕೇ ನಿಂತುಹೋಯಿತು.
ಮಾಸ್ತರರು ದಡ್ಡ ಅಂದರು. ನಾವೂ ಅಂದೆವು.
ಈಗ ಬಂದರಿನಲ್ಲಿ ಐಸು ಒಡೆಯುತ್ತಾನೆ,
ಲೆಕ್ಕದ ಹೊತ್ತಿಗೆ ಅಕ್ಕಾ ಅನ್ನುತ್ತಾನೆ.
ಸೀಸದಿಂದಲೇ ಅಂತ ಹೇಳಲಾರೆ,
ಅಲ್ಲ ಅಂತಲೂ.
ಬುಟ್ಟಿ ಎಣಿಸಿ ಕೊಡುತ್ತೇನೆ.

ಆ ಪಾತ್ರೆ ಇನ್ನೂ ಹಿತ್ತಲಲ್ಲಿದೆ.
ತಳಕ್ಕೆ ಮೊಳೆ ಬಡಿದು ತೂತು ಮಾಡಿದ್ದೇನೆ,
ಯಾರೂ ಒಲೆಗೆ ಏರಿಸದ ಹಾಗೆ.
ಬಸಲೆ ನೆಡಲು ಕೊಡು ಅಂದಳು ಪಕ್ಕದ ಮನೆಯ ತುಳಸು.
ಕೊಡಲಿಲ್ಲ. ಜಿಪುಣಿ ಅಂದಳು.

ಸಾಕು ಇವತ್ತಿಗೆ, ಮಣಿ ಡಬ್ಬಿಗೆ ಹಾಕು,
ಮುಚ್ಚಳ ಬಿಗಿ ಮಾಡು, ತಂಗಿ ಅಂಬೆಗಾಲಿಡುತ್ತಾಳೆ.
ಜಗಲಿ ಗುಡಿಸಬೇಡ, ಧೂಳು ಏಳುತ್ತದೆ,
ಒದ್ದೆ ಬಟ್ಟೆಯಲ್ಲಿ ಒರೆಸು.
ಅಂಗಿ ಬೇರೆ ಬಕೆಟ್ಟಿಗೆ.
ಸೋಪು ಹಚ್ಚು, ಉಗುರ ಸಂದಿಗೂ.
ಆಮೇಲೆ ಊಟ.

ಅದಕ್ಕೂ ಮೊದಲು ಇತ್ತ ತಿರುಗು,
ಬೆಳಕಿಗೆ ಬಾ,
ಒಮ್ಮೆ ನಗು ನೋಡೋಣ,
ಅಗಲವಾಗಿ.