ಅಡುಗೆಕೋಣೆಯ ಹೊರಗೆ ಬಂಗುಡೆ

ಗುರುವಾರದಿಂದ ನಮ್ಮ ಬಂಗುಡೆ
ಅಡುಗೆಕೋಣೆಗೆ ಕಾಲಿಡುವುದಿಲ್ಲ.

ಬಂಗುಡೆ ಅಂದರೆ ಮೀನಲ್ಲ, ನಾಯಿ.
ದಕ್ಕೆಯಲ್ಲಿ ಬುಟ್ಟಿಗಳ ನಡುವೆ ಸಿಕ್ಕಿದ ಮರಿ,
ಬೆನ್ನ ಮೇಲೆ ಅದೇ ಕಪ್ಪು ಗೆರೆ, ಅದೇ ವಾಸನೆ.
ಹೆಸರಿಗಾಗಿ ಹೆಚ್ಚು ಹುಡುಕಲಿಲ್ಲ ನಾವು.

ಹೊಯ್ಗೆ ಬಜಾರಿನ ಈ ಮನೆಯಲ್ಲಿ
ಆರು ವರ್ಷ ಆ ಕೋಣೆಯೇ ಅದರ ಊರು.
ಗ್ರೈಂಡರಿನ ಪಕ್ಕ ಗೋಣಿತುಂಡು,
ಸರೋಜಿನಿ ಮೀನು ಕೊಯ್ಯುವಾಗ
ಮೆಟ್ಟುಕತ್ತಿಗೆ ಗೇಣು ದೂರದಲ್ಲಿ ಮೂಗು ಇಟ್ಟು
ಕಿವಿರು, ಬಾಲ, ತಲೆ ಎಂದು
ಪಾಲಿನ ಲೆಕ್ಕ ಹಾಕುತ್ತಿದ್ದ ಪ್ರಾಣಿ
ಈಗ ಹೊಸ್ತಿಲಿನಿಂದ ಎರಡು ಟೈಲ್ಸು ಹಿಂದೆ ನಿಲ್ಲುತ್ತದೆ.
ಎಣಿಸಿದ್ದೇನೆ. ಎರಡೇ.
ಕಾಣೆಯ ತಲೆ ತೋರಿಸಿದರೆ
ಬಾಯಿಂದ ನೀರು ಸುರಿಯುತ್ತದೆ, ಕಾಲು ಬರುವುದಿಲ್ಲ.
ಕುತ್ತಿಗೆಯ ಪಟ್ಟಿ ಹಿಡಿದು ಎಳೆದೆ.
ಉಗುರು ನೆಲವನ್ನು ಗೀಚಿದ್ದು
ಪಟ್ಟಿಯಲ್ಲಿ ನಡುಗಿ ನನ್ನ ಕೈಗೆ ಗೊತ್ತಾಯಿತು.

ಮೂಲೆಯಲ್ಲಿ ಕುಲೆ ಉಂಟು, ಅಂದರು ಅತ್ತೆ,
ನಾಯಿಗೆ ಕಾಣ್ತದೆ, ನಿಮಗೆ ಕಾಣುದಿಲ್ಲ.
ಸಿಲಿಂಡರ್ ಸೋರ್ತದಾ ನೋಡಿ ಮಾರಾಯ್ರೆ,
ಪಕ್ಕದ ಮನೆಯ ಸಿಸಿಲಿಯಾ ಬಾಯಿ.
ಸಾಬೂನಿನ ನೊರೆ ಹಚ್ಚಿ ನೋಡಿದೆ, ಗುಳ್ಳೆ ಏಳಲಿಲ್ಲ.
ಪಶು ಡಾಕ್ಟರು ಕಿವಿಯೊಳಗೆ ಟಾರ್ಚ್ ಬಿಟ್ಟು
ಒಳ್ಳೆದುಂಟು, ತುಂಬಾ ಒಳ್ಳೆದುಂಟು ಕಿವಿ,
ಅಂದು ನೂರೈವತ್ತು ತೆಗೆದುಕೊಂಡರು.

ಹೆದರದೆ ಉಳಿದದ್ದು ಇಲಿಗಳು ಮಾತ್ರ.
ಅಕ್ಕಿ ಡಬ್ಬದ ಹಿಂದೆ ಅವುಗಳ ಸಂಸಾರ ಸುಖವಾಗಿದೆ.
ಅವುಗಳಿಗೆಂದೇ ನಾನು ಆ ಬುಧವಾರ
ಸ್ಟೇಟ್ ಬ್ಯಾಂಕ್ ಬಸ್‌ಸ್ಟ್ಯಾಂಡಿನ ಫುಟ್‌ಪಾತಿನಿಂದ ತಂದದ್ದು
ಪ್ಲಗ್ಗಿಗೆ ಸಿಕ್ಕಿಸುವ ಬಿಳಿ ಡಬ್ಬಿ,
ನೀಲಿ ದೀಪ, ಒಂದು ಚೂರೂ ಸದ್ದಿಲ್ಲ.
ಇಲಿ ಓಡ್ತದೆ ಅಣ್ಣ, ಗ್ಯಾರಂಟಿ,
ಅಂದಿದ್ದ ಮಾರುವ ಹುಡುಗ.

ನಿನ್ನೆ ರಾತ್ರಿ ಹರ್ಷಲಾ ಕೂಡ
ತಟ್ಟೆ ಹಿಡಿದು ಹಾಲಿಗೆ ಬಂದು ಕೂತಳು.
ನಿನಗೂ ಕುಲೆಯಾ, ಅಂತ ನಗಾಡಿದೆ.
ಅವಳು ನಗಲಿಲ್ಲ.
"ಆ ಡಬ್ಬಿ ಕುಂಯ್ ಅಂತ ಕೂಗ್ತಾ ಉಂಟಲ್ಲ ಪಪ್ಪ,
ಹಲ್ಲಿನೊಳಗೆ ಸೂಜಿ ಹಾಕಿದ ಹಾಗೆ.
ಮೊದಲ ದಿನವೇ ಹೇಳಿದ್ದೆ.
ನೀವು ಹೂಂ ಅಂದ್ರಿ."

ಹೂಂ ಅಂದಿದ್ದೆ.
ನೆನಪಿಲ್ಲ. ಅಂದಿರಬೇಕು.
ಈಚೆಗೆ ಯಾರ ತುಟಿ ಅಲ್ಲಾಡಿದರೂ ಹೂಂ ಅನ್ನುತ್ತೇನೆ.

ಎದ್ದು ಹೋಗಿ ಡಬ್ಬಿಗೆ ಕಿವಿ ಕೊಟ್ಟೆ,
ಎಡದ್ದು, ಆಮೇಲೆ ಬಲದ್ದು.
ಕೆನ್ನೆಗೆ ಸ್ವಲ್ಪ ಬಿಸಿ ತಾಗಿತು, ಅಷ್ಟೆ.

ಇಪ್ಪತ್ತೆಂಟು ವರ್ಷ ಐಸ್ ಪ್ಲಾಂಟಿನಲ್ಲಿ
ಕಂಪ್ರೆಸರಿನ ಪಕ್ಕ ನಿಂತವನು.
ಸದ್ದು ಕೇಳಿಯೇ ಅದರ ಕಾಯಿಲೆ ಹೇಳುತ್ತಿದ್ದೆ,
ಬೇರಿಂಗ್ ಹೋಗಿದೆ, ವಾಲ್ವ್ ಬಡೀತಾ ಉಂಟು.
ಫೋರ್‌ಮ್ಯಾನ್ ಪುತ್ರನ್ ನನ್ನನ್ನು ವೈದ್ಯ ಅಂತಲೇ ಕರೆಯುತ್ತಿದ್ದ.
ಈ ಮಳೆಗಾಲ ಜೀರುಂಡೆಗಳೇ ಇಲ್ಲವಲ್ಲ
ಎಂದು ಸಿಸಿಲಿಯಾ ಬಾಯಿಗೆ ಹೇಳಿದ್ದೆ.
ಅವರು ನನ್ನ ಮುಖ ನೋಡಿ ಸುಮ್ಮನಾಗಿದ್ದರು.
ಮತ್ತೆ ಮನೆಯಲ್ಲಿ, ಒಂದು ವರ್ಷದಿಂದ
ಎಲ್ಲರೂ ನನ್ನೊಡನೆ ಜೋರು ಮಾತಾಡುತ್ತಾರೆ.
ಸಿಟ್ಟು ಅಂದುಕೊಂಡಿದ್ದೆ.
ಸರೋಜಿನಿಗೆ ಇಲ್ಲದ ಆ ಸಿಟ್ಟಿಗೆ
ಎಷ್ಟು ರಾತ್ರಿ ನಾನು ಗೋಡೆ ಕಡೆ ತಿರುಗಿ ಮಲಗಿದ್ದೇನೆ.

ಡಬ್ಬಿ ಕಿತ್ತೆ. ಮಗಳ ಭುಜ ಇಳಿಯಿತು.
ಅದರಿಂದ ಗೊತ್ತಾಯಿತು, ನಿಂತಿತು ಎಂದು.

ಬಂಗುಡೆಗೆ ಇನ್ನೂ ನಂಬಿಕೆ ಸಾಲದು.
ಎರಡು ಟೈಲ್ಸು ಒಂದಾಗಿದೆ, ಅಷ್ಟೆ.
ಇವತ್ತು ನಾನೂ ತಟ್ಟೆ ತಂದು
ಹೊಸ್ತಿಲ ಹೊರಗೆ ಅದರ ಪಕ್ಕ ಕೂತೆ,
ಗಂಜಿ, ಉಪ್ಪಿನಕಾಯಿ, ಹುರಿದ ಎರಡು ಬೂತಾಯಿ.
ಮುಳ್ಳು ಬಿಡಿಸಿ ಕೊಟ್ಟರೆ ತಿನ್ನುತ್ತದೆ,
ಕಣ್ಣು ಮಾತ್ರ ಪ್ಲಗ್ಗಿನ ಮೇಲೆ.

ಇದ್ದಕ್ಕಿದ್ದಂತೆ ಅದರ ಕಿವಿ
ಒಲೆಯ ಕಡೆ ತಿರುಗಿತು.
ನಾನೂ ತಿರುಗಿದೆ.
ಸರೋಜಿನಿಯ ತುಟಿ ಅಲ್ಲಾಡುತ್ತಿತ್ತು.
ಹೂಂ ಅನ್ನಲು ಬಾಯಿ ತೆರೆದವನು
ಎಂತ, ಅಂದೆ.
ಇನ್ನೊಮ್ಮೆ ಹೇಳು.