ಸ್ಟೋರ್ ರೂಮಿನ ಚೀಟಿ

ಪೀಣ್ಯ ಎರಡನೇ ಹಂತ, ಹಿಂಬದಿಯ ಶೆಡ್ಡು.
ಏಳಕ್ಕೆ ಬೀಗ ತೆಗೆದು ಬಾಗಿಲು ಹಾರು ಹೊಡೆದು
ಹೊರಗೋಡೆಯ ಸ್ವಿಚ್ಚು ಒತ್ತಿ ನಿಲ್ಲುತ್ತೇನೆ.
ರಾತ್ರಿಯೆಲ್ಲ ಮುಚ್ಚಿದ್ದ ಕೋಣೆಗೆ
ನನಗಿಂತ ಮುಂಚೆ ಗಾಳಿ ಹೋಗಬೇಕು.

ಹೊಸ ಹುಡುಗ ಬಂದಿದ್ದಾನೆ, ಬಲಾಂಗೀರಿನ ದುಷ್ಮಂತ.
ಎಲ್ಲಾ ನೀರಿನ ಹಾಗೇ ಇದೆಯಲ್ಲ ಅಕ್ಕಾ, ಅಂದ.
ನೀರಿನ ಹಾಗೆ ಕಾಣೋದೇ ಇವುಗಳ ಕಸುಬು ಕಣೋ.

ಇದು ಅಸಿಟೋನು. ಅಂಗೈಗೆ ಬಿದ್ದರೆ ತಣ್ಣಗೆ,
ಹಾಯ್ ಅನ್ನಿಸುತ್ತೆ. ನಂಬಬೇಡ.
ಆ ತೆಳು ನೀಲಿ ಗ್ಲೌಸು ಇದಕ್ಕಲ್ಲ,
ಎಣ್ಣೆಗೆ ಬಿಟ್ಟ ಹಪ್ಪಳದ ಹಾಗೆ ಉಬ್ಬುತ್ತೆ.
ಮೊಳೆಗೆ ನೇತುಹಾಕಿದ ದಪ್ಪ ಕರಿಯದು ಹಾಕ್ಕೋ.
ಇದು ಥಿನ್ನರು. ಸುರಿಯುವಾಗ
ಡ್ರಮ್ಮಿಗೂ ಡಬ್ಬಕ್ಕೂ ತಂತಿ ಕಟ್ಟು,
ಕಾಣದ ಕಿಡಿಗೂ ಭೂಮಿಗಿಳಿಯಲು ದಾರಿ ಬೇಕು.
ಮೂಲೆಯದು ಟ್ರೈಕ್ಲೋರು. ಸಿಹಿ ವಾಸನೆ.
ಇದರ ಆವಿ ಮೇಲೇರಲ್ಲ,
ತಗ್ಗು ಹುಡುಕಿ ಕೂತಿರುತ್ತೆ.

ಗ್ರೀಸು ತೊಳೆಯುವ ಗುಂಡಿಗೆ ಸ್ಪ್ಯಾನರು ಬಿದ್ದಿತ್ತು.
ಎಲಿಯಾಜರಣ್ಣ ಬಗ್ಗಿದರು.
ಒಂದೇ ನಿಮಿಷ, ಅಂದಿದ್ದರು.
ಅವರ ಊಟದ ಡಬ್ಬಿ
ಮೂರು ದಿನ ರ್ಯಾಕಿನ ಮೇಲಿತ್ತು.

ಆಮೇಲೆ ನಾನು ಚೀಟಿ ಬರೆಯಲು ಶುರು ಮಾಡಿದೆ.
ಏಳನೇ ಕ್ಲಾಸು ಫೇಲು; ಕಾಗೆಕಾಲು ಗುಬ್ಬಿಕಾಲು ನನ್ನ ಅಕ್ಷರ.
ಆದರೂ ದೊಡ್ಡದಾಗಿ:
ಏನು, ಯಾವತ್ತು, ಯಾವ ಡ್ರಮ್ಮಿಂದ, ಯಾರ ಕೈಯಿಂದ.
ಕುಡಿಯುವ ಬಾಟಲಿಗೆ ತುಂಬಿದವನು ಯಾರೇ ಇರಲಿ
ಮೇಸ್ತ್ರಿಯೇ ಇರಲಿ, ನನ್ನ ಬಾಯಿಗೆ ಸಿಕ್ಕುತ್ತಾನೆ.

ಮೂಸಿ ನೋಡ್ಲಾ, ಅಂದ ಹುಡುಗ, ಮುಚ್ಚಳ ತಿರುಗಿಸುತ್ತ.
ಕೈ ಹಿಡಿದೆ.
ಮೂಗು ಮೊದಲ ವಾರ ಕೂಗುತ್ತೆ,
ಆಮೇಲೆ ಒಗ್ಗಿಕೊಂಡು ಸುಮ್ಮನಾಗುತ್ತೆ.
ಹದಿನಾಲ್ಕು ವರ್ಷದ ನನ್ನ ಮೂಗಿಗೆ
ಒಗ್ಗರಣೆ ಸೀದರೂ ಗೊತ್ತಾಗದು.
ಮಗಳು ಜಾಲಹಳ್ಳಿ ಕ್ರಾಸಿನಿಂದ ಸಂಪಿಗೆ ತಂದು
ಹೇಗಿದೆ ಅಂದರೆ
ಚೆನ್ನಾಗಿದೆ ಅನ್ನುತ್ತೇನೆ,
ಬಣ್ಣ ನೋಡಿ.

ಸಂಜೆ, ಒರೆಸಿದ ಬಟ್ಟೆಗಳನ್ನೆಲ್ಲ
ಮುಚ್ಚಳದ ತಗಡಿನ ಡಬ್ಬಕ್ಕೆ ತುಂಬಿ
ಅವನೇ ಕೂತು ಒಂದು ಚೀಟಿ ಬರೆದ.
ನನ್ನ ಕನ್ನಡದ ಕೆಳಗೆ ಅವನ ಒಡಿಯಾ,
ಒಂದೊಂದು ಅಕ್ಷರವೂ ಕೊಡೆ ಹಿಡಿದ ಹಾಗೆ;
ಪಕ್ಕದಲ್ಲಿ ಒಂದು ಬುರುಡೆ.
ಬುರುಡೆ ನಗುತ್ತಿತ್ತು.

ನಗಿಸಬೇಡವೋ, ಅಂದೆ.
ಉಗುರಲ್ಲಿ ಕೆರೆದ, ಕೆರೆದ.
ಎರಡು ಹಲ್ಲು ಹೋಗಲೇ ಇಲ್ಲ.
ಇರಲಿ ಬಿಡು ಅಂದು
ಮೇಲೆ ಟೇಪು ಅಂಟಿಸಿದೆ.