ಮೂರನೇ ಖಾನಿ

ಗಾವ್ ಸಾಹೇಬ ತನ್ನ ಮಾತಿನಾಗ ಅಂತಾನ,
ಲಿನ್ ಅದನ್ನ ಇಂಗ್ಲಿಷಿಗಿ ತಿರುವತಾಳ,
ನಾ ಅದನ್ನ ಹಿಡಕೊಂಡು ಕನ್ನಡಕ್ಕ ಇಳಸತೀನಿ.
ಸೇಡಂ ಹೊರಗಿನ ಸಿಮೆಂಟ್ ಫ್ಯಾಕ್ಟರ್‍ಯಾಗ
ಹೊಸಾ ಭಟ್ಟಿ ಎಬ್ಬಿಸಿದ ಹನ್ನೊಂದು ತಿಂಗಳೂ ಹಿಂಗೇ.
ಒಂದು ಮಾತು ಹುಸನಪ್ಪ ಮೇಸ್ತ್ರಿ ಕಿವಿಗಿ ಮುಟ್ಟೂದ್ರಾಗ
ಚಹಾ ಆರಿರತಿತ್ತು.

ಮಂದಿ ನನಗ ತರ್ಜುಮಾಬಾಯಿ ಅಂತಿದ್ರು.
ಬಿ.ಎ. ಪಾಸು, ದಿನಕ್ಕ ಆರುನೂರು, ತಲಿ ಮ್ಯಾಲ ಹಳದಿ ಟೊಪ್ಪಿಗಿ.
ಸಾಹೇಬ ನಟ್ಟು ಬೋಲ್ಟಿನ ಮಾತಿನ ನಡುವ
ನಾಕಕ್ಷರದ ಗಾದೆ ಒಗಿತಿದ್ದ. ಬರೇ ನಾಕು!
ನಮ್ಮಲ್ಲಿ ಹುಸನಪ್ಪ ಅಂತ ಕರಿಯೂದ್ರಾಗೇ
ನಾಕು ಮುಗೀತಾವ.

ನೋಟಬುಕ್ಕಿನಾಗ ಮೂರು ಖಾನಿ ಗೆರಿ ಹೊಡದೆ.
ಒಂದನೇದ್ರಾಗ ಲಿನ್ ತನ್ನ ಲಿಪಿ ಬರದಳು, ಇಟ್ಟಂಗಿ ಹೊಂದಿಸಿದಂಗ.
ಎರಡನೇದು ಇಂಗ್ಲಿಷ್ ಅರ್ಥ.
ಮೂರನೇದು ನಂದು.

ದನದ ಮುಂದ ವೀಣಿ ಬಾರಿಸೂದು ಅಂತ ಬಂದ ದಿನ
ನಾ ಕುಣದೇಬಿಟ್ಟೆ. ಕ್ವಾಣನ ಮುಂದ ಕಿನ್ನರಿ!
ವಾದ್ಯ ಬ್ಯಾರೆ, ಕೇಳವ್ರು ಅವರೇ.
ಬಾವ್ಯಾಗಿನ ಕಪ್ಪಿ ಬಂತು. ಲಿನ್‌ಗ ಹೇಳಿದೆ,
ಈ ಕಪ್ಪಿಗಿ ತರ್ಜುಮಾ ಬ್ಯಾಡ, ಇಲ್ಲೇ ರೇಶನ್ ಕಾರ್ಡ್ ಅದ.
ಹಾವಿನ ಚಿತ್ರಕ್ಕ ಕಾಲು ಬರದವನಿಗಿ ಮಾತ್ರ
ಜೋಡಿ ಸಿಗಲಿಲ್ಲ. ಖಾಲಿ ಬಿಟ್ಟೆ.
ಹುಸನಪ್ಪ ಅಂದ, "ನಮ್ಮ ಸೂಪರ್‌ವೈಸರ್ ಹೆಸರು ಬರಿ."

ಮೇ ತಿಂಗಳ ಒಂದು ನಸುಕಿನ್ಯಾಗ
ಭಟ್ಟಿ ಒಳಗಿನ ಬೆಂಕಿ-ಇಟ್ಟಂಗಿ
ಮೂರು ಸುತ್ತು ಕಳಚಿ ಬಿದ್ದವು.
ಯಾರಿಗೂ ಪೆಟ್ಟಾಗಲಿಲ್ಲ.
ಹುಸನಪ್ಪನ ಒಂಬತ್ತು ದಿನ ಧೂಳಾದವು.
ಸಾಹೇಬ ಬಗ್ಗಿ ಒಂದು ಚೂರು ಎತ್ತಿ, ತಿರುವ್ಯಾಡಿ ನೋಡಿ
ನಾಕಕ್ಷರ ಅಂದ.
ಲಿನ್ ಅಂದಳು: ಕುರಿ ಹೋದ ಮ್ಯಾಲ ದೊಡ್ಡಿ ರಿಪೇರಿ.

ಅರ್ಥ ಕೇಳೂದೇ ಮರತೆ.
ಜೋಡಿ ಸಿಕ್ಕ ಖುಷಿಗಿ ನಾಲಿಗಿ ಓಡೇಬಿಟ್ಟಿತು:
"ಊರು ಕೊಳ್ಳೆ ಹೊಡದ ಮ್ಯಾಲ
ಕ್ವಾಟಿ ಬಾಗಲಾ ಹಾಕಿದ್ರಂತ!"

ಹುಸನಪ್ಪ ಕರಣಿ ಒರಸಿದ.
ಎಷ್ಟು ಸಾವಕಾಶ ಒರಸಿದ ಅಂದ್ರ
ಅದ್ರಾಗೇ ತಿಳೀತು, ಇವ ಹೊಂಟ.
ಅದು ನನ್ನ ಮಾತಲ್ಲ ಅಂತ ನಾ ಹೇಳೂದ್ರಾಗ
ಗೇಟು ದಾಟಿದ್ದ.
ನನ್ನ ಮಾತೇ ಆಗಿತ್ತು, ಖರೆ ಹೇಳಬೇಕಂದ್ರ.

ಲಿನ್ ಕೇಳಿದಳು, "ನೀ ಏನಂದಿ?"
ತಿರುಗಿಸಿ ಹೇಳಿದೆ. ಆಕಿ ಬಾಯಿಗಿ ಕೈ ಒಯ್ದಳು.
ಅವರಲ್ಲಿ ಅದು ಬೈಗಳಲ್ಲಂತ.
ಹೋದದ್ದು ಒಂದು ಕುರಿ,
ಹೊತ್ತು ಇನ್ನೂ ಮೀರಿಲ್ಲ, ಬಾ, ಕಟ್ಟೂಣು, ಅಂತ.

ಮಳಖೇಡ ರೋಡಿನ ಬೇವಿನ ಗಿಡದ ನೆಳ್ಳಾಗ
ಟಂಟಂ ಕಾಯ್ಕೊಂತ ಕುಂತಿದ್ದ.
ತಪ್ಪಾತು ಅಂದೆ. ಅರ್ಥ ಹೇಳಿದೆ.
ಅವ ಕಾಗಿಣಾ ಹೊಳಿ ಕಡಿ ಮಾರಿ ಮಾಡಿ,
"ನಂದು ಕ್ವಾಟಿ ಊರು ಬಾಯಿ. ನಮ್ಮಲ್ಲಿ ಹೋದದ್ದು ಹೋದಂಗೇ.
ಬಾಗಲಾ ಇನ್ನೂ ನಿಂತದ, ಒಳಗ ಆಡು ಮೇಯತಾವ," ಅಂದ.
ಬೀಡಿ ಹಚ್ಚಿದ. ಅದು ಆರಿತು. ಮತ್ತ ಹಚ್ಚಿದ.
"ಆದ್ರ ನಮ್ಮಪ್ಪ ಕುರಿ ಕಾದವ.
ತ್ವಾಳ ಒಂದು ಒಯ್ದ ರಾತ್ರಿನೇ
ಕಂದೀಲ ಹಿಡದು ಜಾಲಿಮುಳ್ಳು ಬಡೀತಿದ್ದ,
ಉಳದವು ನಲವತ್ತು ಅವಲ್ಲೋ ಅಂತ.
ಅದಕ್ಕ ನಮ್ಮಲ್ಲಿ ಗಾದೆ ಇಲ್ಲ.
ಮಾಡತಿದ್ವಿ. ಅಂತಿದ್ದಿಲ್ಲ."

ಟಂಟಂ ಬಂತು. ಕೈ ಮಾಡಲಿಲ್ಲ.

ಭಟ್ಟಿ ಒಳಗ ಅವ ತಿರುಗಿ ಬಗ್ಗಿ ಕಾಲಿಟ್ಟಾಗ
ಗಾವ್ ಸಾಹೇಬ ಏನೋ ಅಂದ:
ಗಾದೆಯೋ, ಇಲ್ಲಾ, ಕಲಸಿದ ಮಣ್ಣು ಗಟ್ಟಿ ಆಗೇದ ಅಂತನೋ.
ಲಿನ್ ನೀರು ಕುಡಿಲಾಕತ್ತಿದ್ದಳು, ತಿರುವಲಿಲ್ಲ.
ನಾನೂ ಕೇಳಲಿಲ್ಲ.
ಹುಸನಪ್ಪ, "ಹೂಂನ್ರಿ," ಅಂದು
ಇಟ್ಟಂಗಿಗಿ ಕೈ ಚಾಚಿದ.